ಹೆದ್ದಾರಿಯನ್ನು ಅಡ್ಡಲಾಗಿ ಬಲ್ಲ ಚಿಕ್ಕಲಕ್ಷ್ಮಮ್ಮ

ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲೆ. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ. ಪುಣಜನೂರು ದಾಟಿದ ಮೇಲೆ ತಮಿಳುನಾಡು: ಹಾಸನೂರಿನ ಕಾಡು, ದಿಂಬಂ ಘಟ್ಟದ ಇಪ್ಪತ್ತೇಳು ತಿರುವು, ಬಣ್ಣಾರಿ, ಸತ್ಯಮಂಗಲ. ಮೊದಲು ಇದರ ಸಂಖ್ಯೆ ಇನ್ನೂರ ಒಂಬತ್ತು, ಈಗ ಒಂಬೈನೂರ ನಲವತ್ತೆಂಟು. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಆದರೂ ನಾನು ತಯಾರಾಗಿಯೇ ಇರುತ್ತೇನೆ.

ನಾನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದವನು. ಹೆಸರು ಮುನಿಕೃಷ್ಣ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಶೇಕಡಾ ಎಪ್ಪತ್ತೊಂದು ಬಿಂದು ನಾಲ್ಕು. ಆ ಬಿಂದು ನಾಲ್ಕನ್ನು ನನ್ನ ಹೊರತು ಬೇರೆ ಯಾರೂ ನೆನಪಿಟ್ಟುಕೊಂಡಿಲ್ಲ. ಒಂದು ಸಣ್ಣ ಸಮೀಕ್ಷಾ ಕಂಪನಿಯಲ್ಲಿ ರಸ್ತೆ ಬದಿ ಕೂತು ಎಣಿಸುವ ಕೆಲಸ. ನನ್ನ ಜೊತೆ ರಾಮನಗರದ ವಾಸಿಂ. ಅವನು ವಾಹನ ಎಣಿಸುತ್ತಾನೆ, ನಾನು ರಸ್ತೆ ದಾಟುವ ಜನ ಮತ್ತು ದನ ಎಣಿಸುತ್ತೇನೆ. ಅವರ ಮನೆಯಲ್ಲಿ ಎಲ್ಲರೂ ರೇಷ್ಮೆ ನೂಲು ಬಿಚ್ಚುವವರು. 'ನಮ್ಮಪ್ಪ ನೂಲು ಬಿಚ್ತಾನೆ, ನಾನು ಲಾರಿ ಬಿಚ್ತೀನಿ' ಎಂದು ಹೇಳಿಕೊಂಡು ತಿರುಗುತ್ತಾನೆ.

ಹೋದ ವರ್ಷ ಕನಕಪುರ ದಾಟಿ ಸಾತನೂರಿನ ಕಡೆ ಸಿಗುವ ಹೊಂಗೇದೊಡ್ಡಿ ಎಂಬ ಊರಿಗೆ ನಮ್ಮನ್ನು ಕಳಿಸಿದರು. ಅಲ್ಲಿ ರಸ್ತೆ ಅಗಲವಾಗಿ ನಡುವೆ ಡಿವೈಡರ್ ಬಂದಿತ್ತು. ಊರ ಮುಂದೆ ಡಿವೈಡರ್‌ನಲ್ಲಿ ಒಂದು ಗ್ಯಾಪ್ ಉಳಿಸಿದ್ದರು. ಅದನ್ನು ಮುಚ್ಚಬೇಕೋ, ಅಥವಾ ಮುಚ್ಚಿ ಕೆಳಗಡೆ ಅಂಡರ್‌ಪಾಸ್ ಕೊಡಬೇಕೋ ಎಂಬುದು ಪ್ರಶ್ನೆ. ನಮ್ಮ ಕಂಪನಿಯ ನಮೂನೆಯ ಪ್ರಕಾರ ಮೂರು ದಿನದ ಸರಾಸರಿ ಐನೂರು ದಾಟುವಿಕೆ ಇದ್ದರೆ ಅಂಡರ್‌ಪಾಸ್‌ಗೆ ಶಿಫಾರಸು. ಒಂದು ಕಡಿಮೆಯಾದರೂ ಗ್ಯಾಪ್ ಬಂದ್. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಎಣಿಕೆ. ನಾನು ಆರು ಐವತ್ತೈದಕ್ಕೇ ಕುರ್ಚಿ ಹಾಕಿ, ಮೂರು ಪೆನ್ನು ಸಾಲಾಗಿ ಜೋಡಿಸಿ, ಏಳು ಹೊಡೆಯುವವರೆಗೆ ದಾಟಿದವರನ್ನು ನೋಡಿಯೂ ನೋಡದಂತೆ ಕೂತೆ. ನಿಯಮ ಎಂದರೆ ನಿಯಮ.

ಮೊದಲ ದಿನ ಸಂಜೆ ಆರು ಗಂಟೆಗೆ ಹಾಲಿನ ಕ್ಯಾನು ಹಿಡಿದ ಒಬ್ಬ ಹೆಂಗಸು ನನ್ನ ಕುರ್ಚಿಯ ಮುಂದೆ ನಿಂತರು. ಅರವತ್ತಾರು ವಯಸ್ಸು, ಎಡ ಮಂಡಿ ಒಸಿ ಬಿಗಿ. ಅವರೇ ಚಿಕ್ಕಲಕ್ಷ್ಮಮ್ಮ.

"ಏನಪ್ಪಾ ಇಂಜಿನೇರಪ್ಪ, ನಾವು ದಾಟೋದ ಬರ್ಕತಾ ಇದ್ದೀಯಂತೆ?"

"ನಾನು ಇಂಜಿನಿಯರ್ ಅಲ್ಲಮ್ಮ. ಎಣಿಸೋನು."

"ಎಣ್ಸೋನೇ ದೊಡ್ಡೋನು ಬುಡು. ಎಷ್ಟಾಯ್ತು?"

ಗುಟ್ಟಾಗಿ ಇಡಬೇಕಾದ ಅಂಕಿ ಅದು. ಆದರೆ ನನ್ನ ಕೆಲಸದ ಬಗ್ಗೆ ಅಲ್ಲಿಯವರೆಗೆ ಯಾರೂ ಇಷ್ಟು ಆಸಕ್ತಿಯಿಂದ ಕೇಳಿರಲಿಲ್ಲ. "ಇನ್ನೂರ ನಲವತ್ತೊಂದು," ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಐನೂರು ಬೇಕು," ಎಂದೂ ಸೇರಿಸಿದೆ.

ಅವರು ಡೈರಿಯ ಕಡೆ ನೋಡಿದರು. ಡೈರಿ ರಸ್ತೆಯ ಆಚೆ ಬದಿಗಿತ್ತು. "ಇದ ಮುಚ್ಚುದ್ರೆ ನಾನು ಆ ಯೂ-ಟರ್ನ್‌ಗಂಟ ಹೋಗಿ ಬರ್ಬೇಕು. ಹೋಗೋಕೆ ಒಂದೂಕಾಲು ಕಿಲೋಮೀಟ್ರು, ಬರೋಕೆ ಒಂದೂಕಾಲು. ದಿನಕ್ಕೆ ಎಲ್ಡು ಸಲ. ಈ ಮಂಡೀಲಿ ಆಗಾಕಿಲ್ಲ ಕಣಪ್ಪ. ಎಲ್ಡು ಹಸಾನೂ ಮಾರ್ಬುಡ್ಬೇಕು." ದೂರು ಹೇಳುವ ದನಿಯಲ್ಲಿ ಅಲ್ಲ, ಬಸ್ಸಿನ ಸಮಯ ಹೇಳುವಂತೆ ಹೇಳಿ ದಾಟಿದರು. ನಾನು ಒಂದು ಗೆರೆ ಹಾಕಿದೆ. ಆ ದಿನದ ಒಟ್ಟು ಇನ್ನೂರ ಎಂಬತ್ತಾರು.

ಎರಡನೆಯ ದಿನ ಒಂಬತ್ತು ಗಂಟೆಯಿಂದ ಹೊಂಗೇದೊಡ್ಡಿ ಇದ್ದಕ್ಕಿದ್ದಂತೆ ಬಹಳ ಚುರುಕಾಯಿತು. ಟವಲ್ ಕಟ್ಟಿದ ಗಂಡಸರು, ಹುಲ್ಲಿನ ಹೊರೆ ಹೊತ್ತ ಹೆಂಗಸರು, ಒಂದು ಹಿಂಡು ಕುರಿ. ನಾನು ಖುಷಿಯಿಂದ ಗೆರೆ ಎಳೆದೆ. ಹನ್ನೆರಡರ ಹೊತ್ತಿಗೆ ಆರುನೂರು. ನನ್ನ ಬೆರಳು ನೋಯತೊಡಗಿತು. ಬೇಡಿಕೆಯ ದಿನವಾರು ಏರಿಳಿತದ ಬಗ್ಗೆ ಷರಾ ಬರೆಯಲು ನಾನು ಒಂದು ವಾಕ್ಯವನ್ನೂ ಯೋಚಿಸಿಟ್ಟಿದ್ದೆ.

ಆಗ ವಾಸಿಂ ತನ್ನ ಕುರ್ಚಿಯಿಂದ ಕೂಗಿದ. "ಲೇ ಮುನಿ, ಆ ಹುಲ್ಲಿನ ಹೊರೆ ಬೆಳಿಗ್ಗೆಯಿಂದ ಆಚೆ ಹೋಗ್ತೈತೆ, ಈಚೆ ಬತ್ತೈತೆ. ಯಾವ ಹಸಾನೂ ಅದ್ನ ತಿಂದಿಲ್ಲ ಕಣ್ಲಾ."

"ಹೊರೆ ನನ್ನ ಕಾಲಂನಲ್ಲಿಲ್ಲ. ಹೊತ್ತವರು ಮಾತ್ರ."

"ಹೊತ್ತೋರೂ ಅವ್ರೇ ಕಣೋ! ಆ ಕೆಂಪು ಟವಲ್ ನೋಡು. ಇದು ಒಂಬತ್ತನೇ ಟ್ರಿಪ್ಪು."

ಕೆಂಪು ಟವಲ್‌ನವರು ಚಲುವಯ್ಯ, ಚಿಕ್ಕಲಕ್ಷ್ಮಮ್ಮನವರ ಗಂಡ. ಇದೇ ರಸ್ತೆಯ ಗ್ಯಾಂಗಿನಲ್ಲಿ ಗುಂಡಿ ಮುಚ್ಚುತ್ತಾ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಹೆಂಡತಿ ಹೇಳಿದ ಐನೂರರ ಮಾತು ಕೇಳಿ ಊರನ್ನೇ ಪಾಳಿ ಹಾಕಿ ಓಡಿಸುತ್ತಿದ್ದರು. ನನ್ನ ಕಣ್ಣು ತಮ್ಮ ಮೇಲೆ ಬಿದ್ದಾಗ ಅವರು ನಾಚಲಿಲ್ಲ. ಕೈ ಎತ್ತಿ, "ಬರ್ಕಳಿ ಸಾ, ಬರ್ಕಳಿ! ಇನ್ನೂ ಬತ್ತಾವ್ರೆ!" ಎಂದು ಕೂಗಿ ಹತ್ತನೆಯ ಸಲ ದಾಟಿದರು.

ಸಂಜೆ ಏಳಕ್ಕೆ ಒಟ್ಟು ಸಾವಿರದ ನೂರ ನಲವತ್ಮೂರು. ಅದನ್ನು ಹಾಗೇ ಬರೆದುಕೊಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಡರ್‌ಪಾಸ್ ಬರುತ್ತಿತ್ತು, ಹಸು ಉಳಿಯುತ್ತಿದ್ದವು. ಆದರೆ ನಾನು ಪ್ರಯೋಗಶಾಲೆಯಲ್ಲಿ ರೀಡಿಂಗು ತಪ್ಪಿದರೆ ಪುಟವನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದ ಹುಡುಗ. ಎದ್ದು ಅವರ ಮನೆಗೆ ಹೋದೆ, ಇವತ್ತಿನ ಎಣಿಕೆ ರದ್ದು ಎಂದು ಹೇಳುವುದಕ್ಕೆ. ಹೇಳದೆಯೂ ರದ್ದು ಮಾಡಬಹುದಿತ್ತು. ಹೇಳಿ ಮಾಡುವುದರಲ್ಲಿ ನನಗೆ ಏನೋ ಒಂದು ಗಾಂಭೀರ್ಯ ಕಂಡಿತ್ತು.

ಜಗುಲಿಯ ಮೇಲೆ ಕಾಫಿ ಕೊಟ್ಟರು. ನಾನು ವಿಷಯ ಹೇಳಿದೆ. ಚಲುವಯ್ಯನವರಿಗೆ ಸಿಟ್ಟು ಬಂತು.

"ರದ್ದಾ? ನನ್ ಕಾಲು ನೋಯ್ತಾ ಅದೆ ಸಾ! ಹದ್ನಾರು ಸಲ ದಾಟಿವ್ನಿ!"

"ಹದಿನೇಳು," ಅಂದೆ ನಾನು.

ಚಿಕ್ಕಲಕ್ಷ್ಮಮ್ಮ ನಕ್ಕುಬಿಟ್ಟರು. "ನೋಡುದ್ರಾ, ನೆನ್ನೇನೇ ಅಂದೆ, ಈ ಹುಡುಗ ಬುಡೋ ಜಾತಿ ಅಲ್ಲ ಅಂತ. ನಾನಂತೂ ಈ ಸಂಜೆ ಎಲ್ಡೇ ಸಲ ದಾಟಿವ್ನಿ ಕಣಪ್ಪ. ಹಾಲ್ಗೆ ಹೋಗ್ತಾ ಒಂದು, ಬತ್ತಾ ಒಂದು."

ಅವರ ಕಥೆ ಆ ಜಗುಲಿಯಲ್ಲೇ ನನಗೆ ತಿಳಿದದ್ದು. ಅವರು ಹುಟ್ಟಿದ್ದು ರಸ್ತೆಯ ಆಚೆ ಬದಿ, ಡೈರಿಯ ಹಿಂದಿನ ಓಣಿಯಲ್ಲಿ. ನಲವತ್ತೈದು ವರ್ಷದ ಹಿಂದೆ ಈಚೆ ಬದಿಗೆ ಮದುವೆಯಾಗಿ ಬಂದರು. "ದಿಬ್ಬಣ ರಸ್ತೆ ದಾಟೋಕೆ ಒಂದು ನಿಮ್ಸ. ಅಳೋಕೂ ಪುರ್ಸೊತ್ತಿರ್ನಿಲ್ಲ." ಆಗ ಅದು ಎಂಟು ಹೆಜ್ಜೆಯ ರಸ್ತೆ. ನಡುವೆ ಮಾತ್ರ ಟಾರು, ಎರಡು ಬದಿ ಹುಣಸೆ ಮರ. ಕೊಳ್ಳೇಗಾಲದ ಕಡೆಯಿಂದ ರೇಷ್ಮೆಗೂಡಿನ ಲಾರಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು. ಒಂದು ಹೋದರೆ ಇನ್ನೊಂದು ಬರುವಷ್ಟರಲ್ಲಿ ಹಸುವಿಗೆ ಮೈ ತೊಳೆಯಬಹುದಿತ್ತಂತೆ. ಆಮೇಲೆ ಹದಿನಾರು ಹೆಜ್ಜೆಯಾಯಿತು. ಈಗ ನಲವತ್ತೆಂಟು.

ಹೆಜ್ಜೆಯ ಲೆಕ್ಕವನ್ನು ನಾನು ನಂಬಲಿಲ್ಲ. ಮರುದಿನ ಟೇಪು ಹಿಡಿದು ಅಳೆದೆ: ಇಪ್ಪತ್ತೆರಡು ಮೀಟರು. ಅವರ ಹೆಜ್ಜೆ ಒಂದೂವರೆ ಅಡಿ. ಗುಣಿಸಿದರೆ ಸರಿಯಾಗಿತ್ತು. ಈ ರಸ್ತೆಯ ಉದ್ದವನ್ನು ಬಾಯಿಪಾಠ ಮಾಡಿದ ನನಗೆ ಅದರ ಅಗಲ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಈ ರಸ್ತೆಯಲ್ಲಿ ಉದ್ದಕ್ಕೆ ಹೋದದ್ದು ಕೊಳ್ಳೇಗಾಲದವರೆಗೆ, ಎರಡು ಸಲ.

ಜಗುಲಿಯ ಮೇಲೆ ಕೂತ ಆ ಸಂಜೆಯೇ ನಾನು ಜಾಣತನ ತೋರಿಸಲು ಒಂದು ಲೆಕ್ಕ ಮಾಡಿದೆ. ಡೈರಿ ಶುರುವಾಗಿ ಮೂವತ್ತೆಂಟು ವರ್ಷ. ದಿನಕ್ಕೆ ನಾಲ್ಕು ಸಲ. ಐವತ್ತೈದು ಸಾವಿರದ ನಾನೂರ ಎಂಬತ್ತು ದಾಟುವಿಕೆ. ಸರಾಸರಿ ಹತ್ತು ಮೀಟರ್ ಅಗಲ ಹಿಡಿದರೆ ಐನೂರ ಐವತ್ತೈದು ಕಿಲೋಮೀಟರು. "ಅಮ್ಮಾ, ನೀವು ಇಲ್ಲಿಂದ ಕೊಯಮತ್ತೂರಿಗೆ ಹೋಗಿ ಹೆಚ್ಚುಕಡಿಮೆ ಮನೆಗೆ ವಾಪಸ್ ಬಂದಿದ್ದೀರಿ!"

"ಅಷ್ಟು ದೂರ ಹೋಗಿದ್ರೆ ಒಂದು ಸೀರೆನಾದ್ರೂ ತತ್ತಿದ್ದೆ ಬುಡು," ಅಂದರು.

ಎದ್ದು ಹೊರಟಾಗ ನಾನು ಸಮಾಧಾನ ಹೇಳುವವನಂತೆ, "ನಾಳೆ ಮೂರನೇ ದಿನ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದಿರ್ತೀನಿ, ಒಬ್ಬರನ್ನೂ ಬಿಡಲ್ಲ," ಎಂದೆ.

ಚಿಕ್ಕಲಕ್ಷ್ಮಮ್ಮ ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದವರು ನಿಂತರು. "ಏಳಕ್ಕಾ?"

"ಹೂಂ. ನಿನ್ನೆಯಿಂದ ಏಳಕ್ಕೇ ಶುರು."

"ಅಯ್ಯೋ ನಿನ್ ಮನೆ ಕಾಯ್ವಾಗ! ಏಳು ಗಂಟ್ಗೆ ನಮ್ ಊರೆಲ್ಲಾ ದಾಟಿ ಮುಗ್ದಿರ್ತದಲ್ಲಪ್ಪ! ಡೈರಿ ಬಾಗ್ಲು ತೆಗ್ಯೋದು ಐದೂಮುಕ್ಕಾಲ್ಗೆ. ಹಾರೋಹಳ್ಳಿ ಫ್ಯಾಕ್ಟ್ರಿ ಬಸ್ಸು ಆರೂವರ್ಗೆ. ಹಿಪ್ನೇರ್ಳೆ ಸೊಪ್ಪು ಕುಯ್ಯೋರು ಇನ್ನೂ ಮುಂಚೆ. ನೀನು ಬಂದು ಕೂತ್ಕಳೋ ಹೊತ್ಗೆ ಉಳ್ದಿರೋದು ಸ್ಕೂಲ್ ಮಕ್ಳು, ಇವ್ರಂಥ ಸೋಂಬೇರಿಗಳು."

ಸೋಂಬೇರಿಗಳಲ್ಲಿ ಒಬ್ಬರಾದ ಚಲುವಯ್ಯ ಗಂಟಲು ಸರಿಮಾಡಿಕೊಂಡರು.

ಎರಡು ಸಂಜೆ ಹಾಲಿನ ಕ್ಯಾನುಗಳಿಗೆ ಒಂದೊಂದಾಗಿ ಗೆರೆ ಹಾಕಿದ್ದೆ. ದಿನಕ್ಕೆ ನಾಲ್ಕು ಸಲ ಎಂದು ಗುಣಿಸುವಾಗಲೂ, ಸಂಜೆ ಹಾಲು ಕೊಡುವ ಹಸು ಬೆಳಿಗ್ಗೆಯೂ ಕೊಡುತ್ತದೆ ಎಂದು ಬಿ.ಎಸ್ಸಿ. ಓದಿದ, ಸ್ವತಃ ಹಳ್ಳಿಯಲ್ಲಿ ಹುಟ್ಟಿದ ನನಗೆ ಹೊಳೆದಿರಲಿಲ್ಲ. ಚಲುವಯ್ಯನವರ ಸುಳ್ಳು ಲೆಕ್ಕ ಕನಿಷ್ಠ ಐನೂರರ ಸರಿಯಾದ ಬದಿಗಿತ್ತು. ನನ್ನ ನಿಜವಾದ ಲೆಕ್ಕ ತಪ್ಪು ಬದಿಗಿತ್ತು.

ರಸ್ತೆ ಬದಿಗೆ ಬಂದು ವಾಸಿಂಗೆ ಹೇಳಿದೆ. ಅವನು ಬೆರಳು ಮಡಿಸಿ ಎಣಿಸಿದ. "ಗುರು, ಅಂಗಾದ್ರೆ ಇದಕ್ಕೂ ಮುಂಚೆ ಮಾಡಿದ ಹದಿನಾಲ್ಕು ಊರು?"

ಅದನ್ನೇ ನಾನು ಯೋಚಿಸದಿರಲು ಪ್ರಯತ್ನಿಸುತ್ತಿದ್ದೆ. ಹಾರೋಹಳ್ಳಿಯಿಂದ ಇಲ್ಲಿಯವರೆಗೆ ಹದಿನಾಲ್ಕು ಗ್ಯಾಪ್‌ಗಳನ್ನು ಏಳರಿಂದ ಏಳರವರೆಗೆ ಎಣಿಸಿ, ಪ್ರತಿ ಹಾಳೆಯ ಕೆಳಗೆ 'ಪರಿಶೀಲಿಸಿದೆ' ಎಂದು ಬರೆದು ರುಜು ಹಾಕಿದ್ದೆ. ಚೆಂದದ ರುಜು.

ನಮ್ಮ ತಂಡದ ಮುಖ್ಯಸ್ಥೆ ಸುಚಿತ್ರಾ ಮೇಡಂಗೆ ಫೋನ್ ಮಾಡಿದೆ. ಕಾರಣ ಬರಹದಲ್ಲಿ ಬೇಕು ಎಂದರು. 'ವೇಳಾಪಟ್ಟಿ ಸ್ಥಳೀಯ ಬಳಕೆಗೆ ಹೊಂದುತ್ತಿಲ್ಲ' ಎಂದು ಬರೆಯಲು ಹೊರಟೆ. ಅದು ನಿಜ, ಆದರೆ ತಪ್ಪನ್ನು ವೇಳಾಪಟ್ಟಿಯ ತಲೆಗೆ ಕಟ್ಟುವ ನಿಜ. ವೇಳೆ ಹೊಂದದಿದ್ದರೆ ಮೊದಲೇ ತಿಳಿಸುವುದು ಎಣಿಸುವವನ ಕೆಲಸ ಎಂದು ನಮೂನೆಯ ಹಿಂಬದಿಯಲ್ಲೇ ಇತ್ತು. ಹೊಡೆದುಹಾಕಿ, 'ಬೆಳಗಿನ ಹೊತ್ತು ಜನ ದಾಟುತ್ತಾರೆಯೇ ಎಂದು ಎಣಿಸುವವನು ವಿಚಾರಿಸಲಿಲ್ಲ' ಎಂದು ಬರೆದೆ. ಮೇಡಂ ಓದಿ ವಾಪಸ್ ಫೋನ್ ಮಾಡಿದರು.

"ಮುನಿಕೃಷ್ಣ, ಹದಿನೈದು ಕಡೆಗೂ ಮತ್ತೆ ಎಣಿಸಬೇಕಾಗತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ."

"ಬೆಳಿಗ್ಗೆ ಐದಕ್ಕೆ."

"ಗೊತ್ತು ಮೇಡಂ."

ಪಕ್ಕದಲ್ಲಿದ್ದ ವಾಸಿಂ ಹಣೆ ಚಚ್ಚಿಕೊಂಡ. "ನಿನ್ ಸತ್ಯಕ್ಕೆ ನಾನ್ಯಾಕ್ಲಾ ಐದಕ್ಕೆ ಏಳ್ಬೇಕು?" ಎಂದ. ಆದರೂ ಎದ್ದ. ಹೊಂಗೇದೊಡ್ಡಿಯಲ್ಲಿ ಹೊಸದಾಗಿ ಮೂರು ದಿನ ಕೂತೆವು. ಚಿಕ್ಕಲಕ್ಷ್ಮಮ್ಮ ಊರಿಗೆಲ್ಲ ತಾಕೀತು ಮಾಡಿದ್ದರು: ದಿನಾ ಹೋಗುವಷ್ಟೇ ಹೋಗಿ, ಒಂದು ಹೆಚ್ಚಾದರೂ ಆ ಹುಡುಗ ಹೊಡೆದುಹಾಕುತ್ತಾನೆ. ಚಲುವಯ್ಯನವರನ್ನು ಮನೆಯಿಂದಲೇ ಬಿಡಲಿಲ್ಲ. ನಸುಕಿನಲ್ಲಿ ಲಾರಿಗಳ ದೀಪ ನೋಡಿಕೊಂಡು, ಕ್ಯಾನು ಹಿಡಿದು, ಡಿವೈಡರ್ ಬಳಿ ಒಂದು ಕ್ಷಣ ನಿಂತು, ಮಂಡಿ ಒತ್ತಿಕೊಂಡು ಅವರು ದಾಟುವುದನ್ನು ಆ ಮೂರು ದಿನ ನೋಡಿದೆ. ಗೆರೆ ಹಾಕುವ ಮೊದಲು ಅವರು ಆಚೆ ತಲುಪುವವರೆಗೆ ಕಾಯುತ್ತಿದ್ದೆ. ನಮೂನೆಯಲ್ಲಿ ಹಾಗೆ ಕಾಯಬೇಕೆಂದು ಇಲ್ಲ.

ಐನೂರ ಮೂವತ್ತೊಂದು, ನಾನೂರ ತೊಂಬತ್ತೆಂಟು, ಐನೂರ ಹದಿನೇಳು. ಎರಡನೆಯ ದಿನ ನಾನೂರ ತೊಂಬತ್ತೆಂಟಕ್ಕೆ ನಿಂತಾಗ ಇನ್ನೆರಡು ಗೆರೆ ಎಳೆಯಲು ಕೈ ತುರಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎಳೆಯಲಿಲ್ಲ. ಸರಾಸರಿ ಐನೂರ ಹದಿನೈದು ಬಿಂದು ಮೂರು ಮೂರು.

ಉಳಿದ ಹದಿನಾಲ್ಕು ಊರುಗಳಲ್ಲಿ ಹನ್ನೊಂದು ಕಡೆ ಶಿಫಾರಸು ಬದಲಾಗಲಿಲ್ಲ. ಮೂರು ಕಡೆ ಬದಲಾಯಿತು. ಆ ಮೂರು ಊರಿನವರಿಗೆ ನಾನು ಯಾರೆಂದು ಗೊತ್ತಿಲ್ಲ, ಅದು ಇಬ್ಬರಿಗೂ ಒಳ್ಳೆಯದು.

ಏಳು ತಿಂಗಳ ಮೇಲೆ ಹೊಂಗೇದೊಡ್ಡಿಗೆ ಅಂಡರ್‌ಪಾಸ್ ಮಂಜೂರಾಯಿತು. ಕಟ್ಟಿ ಮುಗಿಯಲು ಒಂದು ವರ್ಷ. ಅಲ್ಲಿಯವರೆಗೆ ಗ್ಯಾಪ್ ತೆರೆದಿಡುವುದು, ಬೆಳಿಗ್ಗೆ ಸಂಜೆ ಡೈರಿಯ ಹೊತ್ತಿಗೆ ಕೆಂಪು ಬಾವುಟ ಹಿಡಿದ ಒಬ್ಬನನ್ನು ನಿಲ್ಲಿಸುವುದು ಎಂದು ತೀರ್ಮಾನವಾಯಿತು. ರಸ್ತೆ ಕೆಲಸದ ಅನುಭವ ಇರುವ ಸ್ಥಳೀಯರು ಬೇಕೆಂದಾಗ ಊರಲ್ಲಿ ಒಬ್ಬರೇ ಇದ್ದರು.

ಕಳೆದ ವಾರ ಕೊಳ್ಳೇಗಾಲದ ಕೆಲಸಕ್ಕೆ ಬೈಕಿನಲ್ಲಿ ಹೋಗುತ್ತಾ ಬೆಳಿಗ್ಗೆ ಆರಕ್ಕೆ ಆ ಊರು ಮುಟ್ಟಿದೆ. ನಡುರಸ್ತೆಯಲ್ಲಿ ಹೊಳೆಯುವ ಜಾಕೆಟ್ ತೊಟ್ಟ ಚಲುವಯ್ಯ ಬಾವುಟ ಎತ್ತಿ ನಿಂತಿದ್ದರು. ಕೊಯಮತ್ತೂರಿನ ಎರಡು ಲಾರಿ, ಒಂದು ಬಸ್ಸು, ಅವುಗಳ ಹಿಂದೆ ನಾನು. ಚಿಕ್ಕಲಕ್ಷ್ಮಮ್ಮ ಕ್ಯಾನು ಹಿಡಿದು, ಯಾರನ್ನೂ ನೋಡದೆ, ಅವಸರವಿಲ್ಲದೆ ದಾಟಿದರು. ಅವರು ಆಚೆ ತಲುಪಿದರೂ ಬಾವುಟ ಇಳಿಯಲಿಲ್ಲ.

"ಇಳ್ಸಿ ಅದ! ನಾನು ದಾಟಾಯ್ತು!" ಎಂದು ಅವರು ಡೈರಿ ಕಡೆಯಿಂದ ಕೂಗಿದರು.

ಲಾರಿಯವನು ತಮಿಳಿನಲ್ಲಿ ಏನೋ ಬೈದ. ನಾನು ಬೈಕನ್ನು ನಿಧಾನವಾಗಿ ಮುಂದೆ ತಂದು, ಹೆಲ್ಮೆಟ್ ತೆಗೆದು, "ಚಲುವಯ್ಯನೋರೇ, ನಾನು ಕಣ್ರೀ, ಎಣ್ಸೋನು," ಎಂದೆ.

"ಗೊತ್ತಾಯ್ತು ಸಾ," ಅಂದರು ಅವರು, ಬಾವುಟ ಅಲುಗಿಸದೆ. "ಒಸಿ ಹಿಂದ್ಕೆ ಹೋಗಿ, ಲೈನ್ ಮೇಲೆ ಇದ್ದೀರ. ಇನ್ನೂ ಇಬ್ರು ಬತ್ತಾವ್ರೆ."