ಮುಚ್ಚಳ ತೆಗೆಯದ ಹದಿನಾಲ್ಕು ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ನನ್ನವಳ ತಪ್ಪು ಎಂದು ಯಾರಾದರೂ ತಿಳಿದಾರು. ಇಪ್ಪತ್ತನಾಲ್ಕು ವರ್ಷ ಸೈನ್ಯದ ವರ್ಕ್‌ಶಾಪುಗಳಲ್ಲಿ ಲಾರಿ ರಿಪೇರಿ ಮಾಡಿಸಿ, ಸುಬೇದಾರನಾಗಿ ನಿವೃತ್ತನಾಗಿ, ಎಂಬತ್ತರ ದಶಕದ ನಡುವೆ ಮಸ್ಕತ್ತಿಗೆ ಬಂದೆ. ಅಲ್ಲಿನ ವಾದಿ ಅದಾಯ್ ಬಡಾವಣೆಯ ಗ್ಯಾರೇಜೊಂದರಲ್ಲಿ ಫೋರ್‌ಮನ್ ಕೆಲಸ, ಅದರ ಹಿಂದಿನ ಬೀದಿಯಲ್ಲೇ ಎರಡು ಕೋಣೆಯ ಮನೆ.

ನನ್ನವಳು ಮಂಗಳೂರಿನ ಹತ್ತಿರದ ಶಾಲೆಯಲ್ಲಿ ಕನ್ನಡ ಟೀಚರ್. ಮದುವೆಯಾದಾಗಿನಿಂದ ನಾನೊಂದು ಕಡೆ, ಅವಳೊಂದು ಕಡೆ. ವರ್ಷಕ್ಕೆರಡು ತಿಂಗಳ ರಜೆಯಷ್ಟೇ ನಮ್ಮ ಸಂಸಾರ. ಮಗಳು ನರ್ಸಿಂಗ್ ಕಲಿಯಲು ಹಾಸ್ಟೆಲ್ ಸೇರಿದ ಮೇಲೆ ಅವಳು ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ಮಸ್ಕತ್ತಿಗೆ ಬಂದಳು. ಬಂದ ಮೂರನೇ ದಿನವೇ ನಾನು ಅಡುಗೆಮನೆಯ ಇನ್‌ಸ್ಪೆಕ್ಷನ್ ಮಾಡಿದೆ. ಡಬ್ಬಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಜೀರಿಗೆ, ಕೊತ್ತಂಬರಿಗೆ ಚೀಟಿ ಅಂಟಿಸಿದೆ. ಒಲೆಯ ಮೇಲಿನ ಸಾರಿನ ಮುಚ್ಚಳ ಎತ್ತೆತ್ತಿ ನೋಡಿದೆ.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆದರೆ ಸಿಟ್ಟು ಬಂದರೆ ಅವಳು ತರಗತಿಯ ಕನ್ನಡಕ್ಕೆ ಹೊರಳುತ್ತಿದ್ದಳು.

"ಇದೆಂತ ಮನೆಯಾ, ಬ್ಯಾರಕ್ಕಾ? ನಾನು ನಿಮ್ಮ ಸಿಪಾಯಿ ಅಲ್ಲ, ಗೊತ್ತುಂಟಲ್ಲ?"

ಆ ವರ್ಷ ನಾನು ಬಹಳ ಕನ್ನಡ ಕೇಳಿದೆ.

ಶುಕ್ರವಾರ ಊಟಕ್ಕೆ ಒಬ್ಬ ಗೆಳೆಯ ಬರುತ್ತಿದ್ದ. ಉಡುಪಿ ಕಡೆಯವನು, ನೌಕಾದಳದ ಹಡಗುಗಳ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿ ನಿವೃತ್ತನಾಗಿ ಮತ್ರಾ ಬಂದರಿನಲ್ಲಿ ಕೆಲಸಕ್ಕೆ ಸೇರಿದವನು. ಅವನದು ತುಳು, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ಸರ್ವಿಸಿನಲ್ಲಿದ್ದಾಗ ಕ್ಯಾಂಟೀನಿನ ಬಿಯರ್ ನಾವಿಬ್ಬರೂ ಸಾಕಷ್ಟು ಕುಡಿದವರೇ. ಅದು ಆಗುವುದು ಹೇಗೆಂದು ಮಾತ್ರ ಒಂದು ದಿನವೂ ಯೋಚಿಸಿದವರಲ್ಲ. ಆ ಹುಚ್ಚು ಹಿಡಿಸಿದವನು ಗ್ಯಾರೇಜಿಗೆ ಬಿಡಿಭಾಗ ತರುತ್ತಿದ್ದ ಒಬ್ಬ ಇಂಗ್ಲಿಷ್ ಮುದುಕ, ಅವನೂ ಮಾಜಿ ಸೈನಿಕ. ಊರಿಗೆ ಹೋಗಿ ಬಂದವನು ಮಾಲ್ಟಿನ ಮೂರು ಡಬ್ಬ, ಯೀಸ್ಟಿನ ಮೂರು ಪೊಟ್ಟಣ ನನ್ನ ಕೈಗಿಟ್ಟು, "ನೀವೇ ಮಾಡಿ ನೋಡಿ" ಅಂದ.

ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯ ಪಾಕ, ಜೋನಿಬೆಲ್ಲದ ಹಾಗೆ ಕಪ್ಪಗೆ, ಮಂದವಾಗಿರುತ್ತದೆ. ಅದನ್ನು ಬಿಸಿನೀರಿಗೆ ಸುರಿದ ಕೂಡಲೇ ಎದ್ದ ಪರಿಮಳ ಇವತ್ತಿಗೂ ಮೂಗಿನಲ್ಲಿದೆ. ನೌಕಾದಳದವನು ಪಾತ್ರೆಯ ಮೇಲೆ ಬಗ್ಗಿ, "ಸುಬೇದಾರ್ರೆ, ನಾವು ಇಷ್ಟು ವರ್ಷ ಇದರ ಶವ ಕುಡಿದದ್ದು ಮಾರಾಯ್ರೆ!" ಅಂದ. ಉಪ್ಪಿನಲ್ಲಿಟ್ಟ ಆಲಿವ್ ಕಾಯಿ ಬಂದಿದ್ದ ಬಿಳಿ ಪ್ಲಾಸ್ಟಿಕ್ ಡ್ರಮ್ ಎಲ್ಲಿಂದಲೋ ತಂದಿದ್ದೆವು. ಮಿಲಿಟರಿ ರೈಫಲ್ಲೂ ಅಷ್ಟು ಶುದ್ಧಿ ಕಂಡಿರಲಿಲ್ಲ, ಹಾಗೆ ಉಜ್ಜಿ ತೊಳೆದೆವು. ಮುಚ್ಚಳದ ತೂತಿನಿಂದ ಒಂದು ಸಣ್ಣ ನಳಿಕೆ, ಅದರ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ. ಯೀಸ್ಟ್ ಹಾಕಿದ ಮಾರನೇ ದಿನ ಆ ನೀರಿನಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳತೊಡಗಿತು. ಐವತ್ತಕ್ಕೆ ಹತ್ತಿರದ ನಾವಿಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಮಾರುವ ಮಾತಿಲ್ಲ, ಊರಿಗೆ ಸಾರುವ ಮಾತೂ ಇಲ್ಲ. ಹೊಸ್ತಿಲು ದಾಟಿ ಒಂದು ತೊಟ್ಟೂ ಹೋಗಕೂಡದು ಎಂದು ನನ್ನವಳ ಕಟ್ಟಪ್ಪಣೆ.

ಆದರೆ ಸುಬೇದಾರ ಸುಮ್ಮನಿರುತ್ತಾನೆಯೇ? ಗೋಡೆಗೆ ಪಟ್ಟಿ ಅಂಟಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮುಚ್ಚಳ ತೆಗೆದು ನೋಡುವುದು, ಸೌಟಿನಲ್ಲಿ ತಿರುವುವುದು, ಬಣ್ಣ ವಾಸನೆ ಬರೆದಿಡುವುದು. ಹತ್ತು ದಿನದ ಮೇಲೆ ರುಚಿ ನೋಡಿದರೆ ಪಕ್ಕಾ ವಿನೆಗರ್. ತೊಳೆದದ್ದು ಸಾಲದೆಂದು ಎರಡನೇ ಸಲ ಇನ್ನೂ ಉಜ್ಜಿದೆವು, ದಿನಕ್ಕೆ ಐದು ಸಲ ಇನ್‌ಸ್ಪೆಕ್ಷನ್ ಮಾಡಿದೆವು. ಅದು ಇನ್ನೂ ಬೇಗ ಹುಳಿಯಾಯಿತು. "ಖಲಾಸ್!" ಎಂದು ಕೂಗಿ ನಾನು ಸೌಟು ಎಸೆದೆ.

ಅದೇ ವಾರ ಮುಖ್ಯೋಪಾಧ್ಯಾಯಿನಿಯ ಪತ್ರ ಬಂತು. ಜೂನಿಗೆ ಕೆಲಸಕ್ಕೆ ಬರುತ್ತೀರೋ ಇಲ್ಲವೋ, ಏಪ್ರಿಲ್ ಹದಿನೈದರೊಳಗೆ ತಿಳಿಸಿ. ಎರಡು ದಿನದಲ್ಲಿ ಫ್ರಿಜ್ಜಿನ ಮೇಲೆ ಶಾಲೆಯ ವಿಳಾಸ ಬರೆದ ಲಕೋಟೆ ಕಾಣಿಸಿತು. ಅಂಟಿಸಿರಲಿಲ್ಲ.

"ಏನು ಬರೆದೆ?"

"ಪೋಸ್ಟ್ ಮಾಡುವ ದಿನ ಗೊತ್ತಾಗ್ತದೆ."

ಅವಳು ಹೋದರೆ ಮತ್ತೆ ಬರುವವಳಲ್ಲ, ನನಗದು ಖಂಡಿತವಾಗಿ ಗೊತ್ತಿತ್ತು.

ಶುಕ್ರವಾರ ನಾವಿಬ್ಬರೂ ಮೂರನೇ ಡಬ್ಬ, ಕೊನೆಯ ಡಬ್ಬ, ಮುಂದಿಟ್ಟುಕೊಂಡು ಮುಖ ಹುಳ್ಳಗೆ ಮಾಡಿ ಕೂತಿದ್ದೆವು. ಅವಳು ಸಾನ್ನದ ಹಿಟ್ಟು ಕಲಸುತ್ತಿದ್ದಳು. ಸಾನ್ನ ಅಂದರೆ ಇಡ್ಲಿಯ ಹಾಗೆ ಹುದುಗು ಬರಿಸಿ ಮಾಡುವ ನಮ್ಮವರ ತಿಂಡಿ.

"ದಿನಕ್ಕೆ ಐದು ಸಲ ಮುಚ್ಚಳ ತೆಗೆದ್ರೆ ಯಾವ ಹಿಟ್ಟು ಉಬ್ತದೆ?" ಅಂದಳು. "ಇದು ನಿಮ್ಮ ಲಾರಿ ಅಲ್ಲ. ಒಳಗೆ ಜೀವ ಉಂಟು. ಅದರ ಕೆಲಸ ಅದಕ್ಕೆ ಗೊತ್ತುಂಟು."

"ಅಕ್ಕ ಹೇಳುವುದು ಸರಿ ಸುಬೇದಾರ್ರೆ."

"ನೀವೂ ಸಾಚಾ ಅಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಇಬ್ಬರೂ ಕೈಕಟ್ಟಿ ಕೂತ್ಕೊಳ್ಳಿ."

ನಾವು ಕೂತೆವು. ಸತ್ಯವಾಗಿ ಕೈಕಟ್ಟಿಯೇ ಕೂತೆವು. ಪಾಕ ಕಲಸಿದ್ದು ನಾವು, ಮುಚ್ಚಳ ಬಿಗಿದು ಮೇಲೊಂದು ಹಳೆ ಸೀರೆ ಸುತ್ತಿ ಗಂಟು ಹಾಕಿದ್ದು ಅವಳು. ಗೋಡೆಯ ಪಟ್ಟಿ ಹರಿದು, "ಹದಿನಾಲ್ಕು ದಿನ. ಮುಟ್ಟಿದರೆ ಮಾತ್ರ ನೋಡಿ" ಅಂದಳು.

ಆ ಹದಿನಾಲ್ಕು ದಿನ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಕೆಲಸದಿಂದ ಬಂದರೆ ನೋಡಲು ಏನೂ ಇಲ್ಲ, ಗುಳ್ಳೆಯ ಸದ್ದು ಕೇಳುತ್ತಾ ಕೂರಬೇಕು. ಕೂತಲ್ಲಿ ಅವಳು ಶಾಲೆಯ ಕತೆ ಹೇಳುತ್ತಿದ್ದಳು. ಇಪ್ಪತ್ತು ವರ್ಷ ಅವಳು ದಿನವೂ ಮಾಡಿದ ಕೆಲಸದ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ನಾಚಿಕೆಯಾಯಿತು. ಡ್ರಮ್ ಒಂದು ಮೂಲೆಯಲ್ಲಿ, ಲಕೋಟೆ ಫ್ರಿಜ್ಜಿನ ಮೇಲೆ. ಅವಳು ಸ್ನಾನಕ್ಕೆ ಹೋದಾಗ ಒಂದು ಸಲ ಲಕೋಟೆಯತ್ತ ಕೈ ನೀಡಿದ್ದೂ ಉಂಟು. ಹಾಗೆಯೇ ಹಿಂದೆ ತೆಗೆದುಕೊಂಡೆ.

ಹದಿನಾಲ್ಕು ದಿನ ಕಳೆದ ಮೇಲೆ ಚಿಟಿಕೆ ಚಿಟಿಕೆ ಸಕ್ಕರೆ ಹಾಕಿ ಬಾಟಲಿಗೆ ತುಂಬಿದೆವು. ಅಲ್ಲಿಂದ ಎರಡು ವಾರ ಕಳೆದು, ಮಾರ್ಚಿನ ಕೊನೆಯ ಶುಕ್ರವಾರ, ಸಾನ್ನ ಮತ್ತು ಕೋಳಿ ಪದಾರ್ಥದ ಎದುರು ಮೊದಲ ಬಾಟಲಿ ತೆರೆದೆವು. ಟುಸ್ಸೆಂದಿತು! ಗ್ಲಾಸಿನಲ್ಲಿ ಎರಡು ಬೆರಳು ನೊರೆ ನಿಂತಿತು. ನೌಕಾದಳದವನು ಎದ್ದು ನಿಂತು ಗ್ಲಾಸಿಗೆ ಸೆಲ್ಯೂಟ್ ಹೊಡೆದ. ಒಂದು ಗುಟುಕು ಕುಡಿದು, ಅರಬರ ಧಾಟಿಯಲ್ಲಿ, "ಯಲ್ಲಾ ಸುಬೇದಾರ್ರೆ, ಇನ್ನು ಪೆನ್ಷನ್ ಬಾರದಿದ್ದರೂ ಅಡ್ಡಿಯಿಲ್ಲ!" ಅಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳೂ ಅರ್ಧ ಗ್ಲಾಸ್ ಕುಡಿದು, "ಕಹಿ. ಆದ್ರೆ ಒಳ್ಳೆ ಕಹಿ" ಎಂದಳು.

ಗೆಳೆಯ ಹೋದ ಮೇಲೆ ಅವಳು ಲಕೋಟೆ ತಂದು ನನ್ನ ಮುಂದಿಟ್ಟಳು.

"ಓದಿದ್ರಾ?"

"ಇಲ್ಲ."

"ಅಂಟಿಸಿರಲಿಲ್ಲ ಅಲ್ವಾ?"

"ಮುಚ್ಚಳ ತೆಗೀಬಾರದು ಅಂತ ನೀನೇ ಹೇಳಿದ್ದು."

ಅವಳು ನನ್ನನ್ನೇ ನೋಡಿದಳು. "ಈಗ ತೆಗೀರಿ."

ಒಳಗಿನ ಹಾಳೆಯಲ್ಲಿ "ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ" ಎಂದಷ್ಟೇ ಇತ್ತು. ಕೆಳಗೆಲ್ಲ ಖಾಲಿ.

"ಎಂತ ಬರೆಯೋದಂತ ಗೊತ್ತಾಗಿರ್ಲಿಲ್ಲ," ಅಂದಳು, ಈ ಸಲ ಕೊಂಕಣಿಯಲ್ಲಿ.

ಅವಳು ಮೇಜಿನ ಹತ್ತಿರ ಕೂತು ಬರೆಯತೊಡಗಿದಳು. ನಾನು ಬಗ್ಗಿ ನೋಡಲಿಲ್ಲ. ಸಿಂಕಿನಲ್ಲಿ ಬಾಟಲಿ ತೊಳೆಯುತ್ತಾ ನಿಂತೆ. ಬರೆದು ಮುಗಿಸಿ ಲಕೋಟೆ ಅಂಟಿಸಿ ಕೊಟ್ಟಳು.

"ರಾಜೀನಾಮೆ ಅಲ್ಲ, ಇನ್ನೊಂದು ವರ್ಷ ರಜೆ. ನಿಮ್ಮನ್ನು ಒಂದೇ ಸಲ ಪೂರ್ತಿ ನಂಬ್ಲಿಕ್ಕೆ ಆಗ್ತದಾ? ನಾಳೆ ಕೆಲಸಕ್ಕೆ ಹೋಗುವಾಗ ಪೋಸ್ಟ್ ಮಾಡಿ. ಆ ಇಂಗ್ಲಿಷ್ ಮುದುಕನಿಗೂ ಹೇಳಿ, ಮುಂದಿನ ಸಲ ಆರು ಡಬ್ಬ ತರಲಿ."