ಇದ್ವಾಲನ ತಳದ ದನಿ

ನಮ್ಮ ಮೀನುಗಾರರ ಹಳ್ಳಿ ಪೋರ್ತ್ ಗಾರೂವಿನಲ್ಲಿ ಪಕ್ಕದ ಮನೆಯ ಇದ್ವಾಲನಷ್ಟು ಸೋಮಾರಿ ಇನ್ನೊಬ್ಬನಿರಲಿಲ್ಲ, ಅವನಷ್ಟು ನಗಿಸುವವನೂ ಇರಲಿಲ್ಲ. ಬೇಸಿಗೆಗೆ ಬರುವ ಇಂಗ್ಲಿಷರಿಗೆ ಸಮುದ್ರದಡಿ ಮುಳುಗಿದ ಊರಿನ ಗಂಟೆ ಮೊಳಗುತ್ತದೆಂದು ಬುರುಡೆ ಬಿಟ್ಟು, ಅದನ್ನು ಕೇಳಲು ಅವರನ್ನು ಬಂಡೆಯ ಮೇಲೆ ಬೋರಲು ಮಲಗಿಸಿ, ತಾನು ಅವರ ಖರ್ಚಿನಲ್ಲೇ ಬಿಯರ್ ಕುಡಿಯುತ್ತಿದ್ದ. ಅಣ್ಣಂದಿರಾದ ಗೆಥಿನ್, ಎಮ್ರಿಸ್ ಬೈದುಕೊಂಡೇ ಅವನನ್ನು ಸಮುದ್ರದಲ್ಲಿ ಇಳಿಬಿಟ್ಟ ಏಡಿಬುಟ್ಟಿ ಎತ್ತಲು ದೋಣಿಗೆ ಎಳೆದೊಯ್ಯುತ್ತಿದ್ದರು.

ಆದರೆ ಕ್ರಿಸ್‌ಮಸ್ ನಸುಕಿನಲ್ಲಿ ಮೂವರೂ ಚರ್ಚಿನಲ್ಲಿ ಹಾಡಿದರೆ ನನ್ನಂಥ ಗಯ್ಯಾಳಿಯ ಕಣ್ಣೂ ಒದ್ದೆಯಾಗುತ್ತಿತ್ತು. ಅಲ್ಲಿ ಒಂದೊಂದು ಮನೆಯವರು ತಾವಾಗಿ ಎದ್ದು ತಮ್ಮ ಮನೆಯ ಹಾಡು ಹೇಳಿ ಕೂರುತ್ತಾರೆ. ಒಬ್ಬರ ಹಾಡಿಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಇವರ ಹಾಡಿನಲ್ಲಿ ರಾಗ ಗೆಥಿನ್‌ನದು, ಮೇಲಿನ ದನಿ ಎಮ್ರಿಸ್‌ನದು, ಎರಡಕ್ಕೂ ಆಸರೆಯಾಗಿ ತಗ್ಗಿನಲ್ಲಿ ಸಾಗುವ ತಳದ ದನಿ ಇದ್ವಾಲನದು.

ನವೆಂಬರಿನ ಒಂದು ಬೆಳಿಗ್ಗೆ ಕುಡಿದ ಅಮಲು ಇಳಿಯದೆ ಇದ್ವಾಲ್ ಹಾಸಿಗೆಯಲ್ಲೇ ಉಳಿದ. ಅಣ್ಣಂದಿರಿಬ್ಬರೇ ಹೋದರು. ಗಾಳಿ ಎದ್ದಿತು. ದೋಣಿಯ ಹಲಗೆಗಳು ದಡಕ್ಕೆ ಬಂದವು, ಅವರು ಬರಲಿಲ್ಲ.

ಎಮ್ರಿಸ್‌ನ ಹೆಂಡತಿ ಮೆಲೆರಿ ಎಲ್ಲರೆದುರೇ ಹೇಳಿದಳು: "ಇನ್ನೊಂದು ಜೊತೆ ಕೈ ಇದ್ದಿದ್ರೆ ವಾಪಸ್ ಬರ್ತಿದ್ರು. ನೀನು ಗೊರಕೆ ಹೊಡೀತಿದ್ದೆ."

ಆಮೇಲೆ ಅವಳು ಅವನ ಜೊತೆ ಮಾತೇ ಬಿಟ್ಟಳು. ಇದ್ವಾಲ್ ಬೇರೆಯವರ ದೋಣಿಯಲ್ಲಿ ಕೂಲಿ ಮಾಡಿ ದಿನಾ ಅವಳ ಬಾಗಿಲಿಗೆ ಮೀನು ಇಟ್ಟು ಬರುತ್ತಿದ್ದ. ಅವಳು ಬೆಕ್ಕುಗಳಿಗೆ ಹಾಕುತ್ತಿದ್ದಳು.

"ಬೈಲಿ, ಉಗೀಲಿ, ಒಂದು ಮಾತಾಡು ಅಂತ ಹೇಳಿ ಅಕ್ಕಾ," ಎಂದು ನನ್ನಲ್ಲಿ ಗೋಗರೆದ.

"ಅವಳ ಬಾಯಿ ನನ್ನ ಜೇಬಲ್ಲಿದ್ಯೇನೋ?" ಎಂದೆ.

ಆ ಕ್ರಿಸ್‌ಮಸ್‌ಗೆ ಅವನು ಚರ್ಚಿಗೆ ಬರುವುದಿಲ್ಲವೆಂದುಕೊಂಡಿದ್ದೆವು. ಬಂದ. ಇಬ್ಬರಿಗೆ ಜಾಗ ಬಿಟ್ಟು ತನ್ನ ಜಾಗದಲ್ಲೇ ನಿಂತು, ತನ್ನ ತಳದ ದನಿಯನ್ನಷ್ಟೇ ಹಾಡಿದ. ಅಣ್ಣಂದಿರಷ್ಟೇ ಹಾಡುತ್ತಿದ್ದ ಸಾಲು ಬಂದಾಗ ಸುಮ್ಮನಾಗಿ ಕಾದ. ಆ ರಾಗ ನಮಗೆಲ್ಲ ಬಾಯಿಪಾಠ, ಬಾಯಿ ತೆರೆಯುವಂತಿರಲಿಲ್ಲ. ಅಂಥ ಸಂಕಟ ನಾನು ಸಾವಿನ ಮನೆಯಲ್ಲೂ ಪಟ್ಟಿಲ್ಲ.

ಹೊರಗೆ ಬಂದಾಗ ಬಾಗಿಲಲ್ಲಿ ಮೆಲೆರಿ ನಿಂತಿದ್ದಳು.

"ಕೊನೇ ಚರಣದಲ್ಲಿ ಎಮ್ರಿಸ್ ಉಸಿರು ಸಾಲ್ದೆ ತಡವಾಗಿ ಎತ್ಕೊಳ್ತಿದ್ದ. ಅದಕ್ಕೂ ಕಾದೆ ನೀನು."

"ಕಾಯದೇ ಹೇಗಿರ್ಲಿ ಅತ್ತಿಗೆ?"

"ಆವತ್ತು ಬೆಳಿಗ್ಗೆ ಅವನೂ ಕಾದ, ನಾನೇ ನೋಡಿದೆ. ನೀನು ಬಂದೇ ಬರ್ತೀಯ ಅಂತ, ದೋಣಿ ಹತ್ರ, ತುಂಬಾ ಹೊತ್ತು. ಅದಕ್ಕೇ ಹೊರಡೋದು ತಡವಾಗಿ ಗಾಳಿಗೆ ಸಿಕ್ಕಿದ್ದು."

ಇಷ್ಟು ಹೇಳಿ ಅವಳು ಮನೆಗೆ ಹೋದಳು. ಅವನು ಬೇಡಿದ್ದ ಮಾತು ಅವನಿಗೆ ಸಿಕ್ಕಿತು.

ಇದ್ವಾಲ್ ಮತ್ತೆ ಹಾಡಲಿಲ್ಲ, ಇಂಗ್ಲಿಷರಿಗೆ ಗಂಟೆಯ ಕಥೆಯನ್ನೂ ಹೇಳಲಿಲ್ಲ. ಸಾಯುವವರೆಗೂ ಆ ಬಾಗಿಲಿಗೆ ಮೀನು ಇಡುತ್ತಲೇ ಇದ್ದ. ಮೆಲೆರಿಯ ಬೆಕ್ಕುಗಳಷ್ಟು ಕೊಬ್ಬಿದ ಬೆಕ್ಕುಗಳನ್ನು ನೀವು ಈ ಕರಾವಳಿಯಲ್ಲೆಲ್ಲೂ ಕಾಣಲಾರಿರಿ.