ಹೆಸರು ಹಿಡಿದು ಕೇಳುವ ಹಾಗಿಲ್ಲ

ಅವರ್ಸಾದ ಗದ್ದೆಬಯಲಿನ ಅಂಚಿಗಿರುವ ಅಮ್ಮನವರ ಗುಡಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಪೂಜಾರಿ ಜಟ್ಟು ಗುನಗರು ಬಾವಿಯಿಂದ ಹದಿನೆಂಟನೇ ಕೊಡ ಸೇದಿ ಅಂಗಳ ತೊಳೆಯುತ್ತಿದ್ದಾರೆ. ಮೆಟ್ಟಿಲ ಮೇಲೆ ಬೀರಿ ಎಂಬ ಹೆಂಗಸು ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಅವರ ಚಿನ್ನದ ಸರ ಕಳೆದು ಎಂಟು ದಿನವಾಯಿತು. ಸೊಸೆ ನಂದಿನಿಯೇ ತೆಗೆದದ್ದೆಂದು ಅವರ ಅನುಮಾನ. ಆ ಮಾತು ಕಿವಿಗೆ ಬಿದ್ದದ್ದೇ ನಂದಿನಿ ಹಣಕೋಣದ ತವರಿಗೆ ಹೋಗಿ ಕೂತಿದ್ದಾಳೆ. ಹೌದೋ ಅಲ್ಲವೋ, ಇನ್ನು ದೇವಿಯೇ ಹೇಳಬೇಕು.

ಇಲ್ಲಿ ದೇವಿ ಹೇಳುವುದು ಹೂವಿನಲ್ಲಿ. ಒದ್ದೆ ಮಾಡಿದ ಕೇಪಳದ ಮೊಗ್ಗನ್ನು ಮೂರ್ತಿಯ ಎರಡೂ ಭುಜಕ್ಕೆ ಹಚ್ಚಿ ಪ್ರಶ್ನೆ ಕೇಳುತ್ತಾರೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಬಿತ್ತನೆ, ಮದುವೆ, ಮನೆಯ ಪಾಯ, ಏನು ಬೇಕಾದರೂ ಕೇಳಬಹುದು. ಒಬ್ಬರ ಮೇಲಿನ ಅನುಮಾನವನ್ನು ಮಾತ್ರ ಹೆಸರು ಹಿಡಿದು ಕೇಳುವ ಹಾಗಿಲ್ಲ. ದಿನಕ್ಕೆ ಐದಾರು ಜನ, ಮಂಗಳವಾರ ಮೂವತ್ತು ದಾಟುತ್ತಾರೆ. ಅರ್ಧಕ್ಕರ್ಧ ಜನರ ನಾಲಿಗೆಯ ತುದಿಯಲ್ಲಿ ಯಾರದ್ದೋ ಹೆಸರು ಇದ್ದೇ ಇರುತ್ತದೆ.

ನಿಯಮ ಜಟ್ಟು ಅವರ ತಂದೆಯ ಕಾಲದ್ದು. ತಂದೆಯದು ದೊಡ್ಡ ಗಂಟಲು. ಹಾಗೆ ಹೆಸರು ಹಿಡಿದು ಬಂದವರನ್ನು ಅಂಗಳದಿಂದಲೇ ಬೈದು ಅಟ್ಟುತ್ತಿದ್ದರು. "ಅಪ್ಪ ಹೇಳಿದ್ದು ಖರೇನೇ. ಆದ್ರೆ ಬೈಸ್ಕಂಡ ಜನ ಸುಮ್ನೆ ಮನೆಗೆ ಹೋಗ್ತಿದ್ರಾ? ಇನ್ನೊಂದು ಕಡೆ ಹೋಗಿ ಕೇಳ್ಕಂಡು ಬರ್ತಿದ್ರು," ಎನ್ನುತ್ತಾರೆ ಜಟ್ಟು. ಹಾಗೆ ಬೇರೆ ಕಡೆಯಿಂದ ಬಂದ ಒಂದು ಉತ್ತರದಿಂದ ಕಳ್ಳಿ ಎನಿಸಿಕೊಂಡು ಗಂಗೂ ಎಂಬ ವಿಧವೆ ಮಕ್ಕಳನ್ನು ಕರೆದುಕೊಂಡು ಊರನ್ನೇ ಬಿಟ್ಟರು. ಅವರು ಗಂಟು ಹೊತ್ತು ಗುಡಿಯ ಮುಂದೆ ಹಾದುಹೋದದ್ದನ್ನು ಎಳೆಯ ಜಟ್ಟು ಕಣ್ಣಾರೆ ಕಂಡಿದ್ದರು.

ಈಗ ಅವರಿಗೆ ಅರವತ್ತನಾಲ್ಕು. ಮನೆಯ ಕುಂಬಾರಿಕೆ ನಿಂತು ಕಾಲವಾಯಿತು. ಪೂಜೆ ಮುಗಿಸಿ ತೆಂಗಿನ ತೋಟದ ಕೂಲಿಗೆ ಹೋಗುತ್ತಾರೆ. ಮಂಡಿ ನೋವಿಗೆ ಬಟ್ಟೆ ಬಿಗಿದಿರುತ್ತಾರೆ. ತಂದೆಯ ನಿಯಮವನ್ನು ಅವರು ಎಳ್ಳಷ್ಟೂ ಸಡಿಲಿಸಿಲ್ಲ. ಬದಲಿಸಿದ್ದು ದನಿಯನ್ನು. ಜೊತೆಗೆ ಒಂದು ರೂಢಿ ಸೇರಿಸಿದ್ದಾರೆ: ಕೇಳಲು ಬಂದವರೇ ದೇವಿಗೆ ಹೂವಿನ ದಂಡೆ ಕಟ್ಟಬೇಕು, ಪಕ್ಕದಲ್ಲಿ ತಾವೂ ಕೂರುತ್ತಾರೆ.

ಬೀರಿಗೂ "ಅದೊಂದು ಆಗೂದಿಲ್ಲ ತಂಗಿ" ಎಂದು ಒಂದೇ ಸಲ ಹೇಳಿ, ಅಬ್ಬಲಿಗೆ ಹೂವಿನ ಬುಟ್ಟಿಯನ್ನೂ ಬಾಳೆನಾರನ್ನೂ ಮುಂದಿಡುತ್ತಾರೆ.

"ನಿನ್ನಪ್ಪ ಆದ್ರೆ ಬೈದಾದ್ರೂ ಕಳಸ್ತಿದ್ದ ಜಟ್ಟಣ್ಣಾ. ನೀನು ನಗ್ತಾ ನಗ್ತಾ ಬಾಗ್ಲು ಹಾಕ್ತೆ," ಎನ್ನುತ್ತಾ ಬೀರಿ ಬುಟ್ಟಿ ಎಳೆದುಕೊಳ್ಳುತ್ತಾರೆ.

ದಂಡೆಯ ಮೊದಲ ಗೇಣು ಕಟ್ಟುವಾಗ ಸೊಸೆಯ ತಪ್ಪುಗಳೆಲ್ಲ ಬರುತ್ತವೆ: ತಡವಾಗಿ ಏಳುತ್ತಾಳೆ, ಕೈಯಿಂದ ಮೊಬೈಲು ಬಿಡುವುದಿಲ್ಲ, ಸಾರಿಗೆ ಹುಳಿ ಸಾಲದು. ಜಟ್ಟು ಹೂಂ ಎನ್ನುತ್ತಾ ಹೂ ಜೋಡಿಸಿಕೊಡುತ್ತಾರೆ. ಎರಡನೇ ಗೇಣಿಗೆ ಮಾತು ನಿಧಾನವಾಗುತ್ತದೆ. ಹೋದ ಮಳೆಗಾಲದಲ್ಲಿ ಕೈ ಮುರಿದು ಕೂತಾಗ ತಲೆಗೆ ಎಣ್ಣೆ ಹಚ್ಚಿ ಬಾಚಿದವಳೂ ಅವಳೇ ಎಂದು ಬೀರಿ ತಮ್ಮಷ್ಟಕ್ಕೆ ಎಂಬಂತೆ ಹೇಳುತ್ತಾರೆ.

"ಅವಳು ತಿರುಗಿ ಬರ್ತಾಳಾ? ಇದನ್ನಾದ್ರೂ ಕೇಳು ಜಟ್ಟಣ್ಣಾ."

ಜಟ್ಟು ಕೈಯಲ್ಲಿದ್ದ ಹೂವನ್ನು ಬುಟ್ಟಿಗಿಡುತ್ತಾರೆ. ದನಿ ಮೊದಲಿನಷ್ಟೇ ತಗ್ಗು. "ಅದನ್ನ ದೇವಿ ಹತ್ರ ಕೇಳೂದು ಬೇಡ ತಂಗಿ. ಅವಳ ಹತ್ರನೇ ಕೇಳು."

ಬೀರಿ ದಂಡೆಯನ್ನು ಎರಡು ತುಂಡು ಮಾಡಿ, ಒಂದನ್ನು ಹೊಸ್ತಿಲ ಮೇಲಿಟ್ಟು, ಇನ್ನೊಂದನ್ನು ಬಾಳೆಲೆಯಲ್ಲಿ ಸುತ್ತಿಕೊಳ್ಳುತ್ತಾರೆ. ಕಾರವಾರಕ್ಕೆ ಹೋಗಿ ಹಣಕೋಣದ ಬಸ್ಸು ಹಿಡಿಯಬೇಕು. ಸರ ಇನ್ನೂ ಸಿಕ್ಕಿಲ್ಲ.

ಅವರು ಗದ್ದೆಯ ಬದು ದಾಟುವವರೆಗೂ ಜಟ್ಟು ನೋಡುತ್ತಾ ನಿಲ್ಲುತ್ತಾರೆ. "ನಾನು ಹೂ ಹಚ್ಚೂಕೆ ಹಿಡದು ಮೂವತ್ತೊಂದು ವರ್ಷ ಆಯ್ತು," ಎನ್ನುತ್ತಾ ಮತ್ತೆ ಕೊಡ ಎತ್ತಿಕೊಳ್ಳುತ್ತಾರೆ. "ಗಂಗೂ ಹಾಗೆ ಗಂಟು ಹೊತ್ಕಂಡು ಈ ದಾರಿಲಿ ಮತ್ಯಾರೂ ಹೋಗಲಿಲ್ಲ."